ಗಣಕಜಾಲದ ಕಾವಲು: ಫೈರ್‌ವಾಲ್ ಮತ್ತು ಪ್ರಾಕ್ಸಿ ಸರ್ವರುಗಳನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ಇತಿಹಾಸ ವಿಭಾಗದ ಸಂಶೋಧನ ವಾರ್ಷಿಕದಲ್ಲಿ ಗಣಕಜಾಲದ ರಕ್ಷಣೆಗೆ ಏನು ಸ್ಥಾನವೆಂದು ಕೆಲವು ವಾಚಕರಿಗೆ ಶಂಕೆ ಬರಬಹುದು. ಶಾಸನ, ಕೈಫಿಯತ್ತು, ಕಡತ, ಬಖೈರು ಇವೇ ನಮ್ಮ ಸಾಮಗ್ರಿಯೆಂಬುದು ನಿಜ. ಆದರೆ ಶಾಸನಗಳ ಛಾಯಾಚಿತ್ರಗಳೂ ಕಡತಗಳ ಪ್ರತಿಗಳೂ ಈಚೆಗೆ ಬೀರುವನ್ನು ಬಿಟ್ಟು ಕಂಪ್ಯೂಟರನ್ನು ಸೇರಿವೆ. ಬೀರುವಿನ ಬೀಗದ ಕೈ ಯಾರ ವಶದಲ್ಲಿದೆಯೆಂದು ತಪ್ಪದೆ ವಿಚಾರಿಸುವ ನಾವು, ಕಂಪ್ಯೂಟರಿಗೆ ಬರುವ ದಾರಿಗಳನ್ನು ಯಾರು ಕಾಯುತ್ತಾರೆ, ಯಾವ ನಿಯಮದಂತೆ ಕಾಯುತ್ತಾರೆ ಎಂದು ವಿಚಾರಿಸುವುದು ಅಪರೂಪ. ನನಗೆ ಈ ಶಾಸ್ತ್ರದಲ್ಲಿ ವಿಶೇಷ ಪರಿಣತಿಯಿಲ್ಲ. ನನ್ನದೇ ಒಂದು ಪ್ರಮಾದದಿಂದ ಕೆಲವು ಅಮೂಲ್ಯ ಪ್ರತಿಗಳು ನಷ್ಟವಾದ ಮೇಲೆ, ಅದು ಸಂಭವಿಸಿದ ಬಗೆಯನ್ನು ತಿಳಿಯಬೇಕೆಂಬ ಹಟದಿಂದ ಓದಿದ್ದನ್ನು ಇಲ್ಲಿ ನಿರೂಪಿಸುತ್ತಿದ್ದೇನೆ. ಆ ಪ್ರಸಂಗವನ್ನು ಮುಂದೆ ಅದರ ಸ್ಥಾನದಲ್ಲಿ ಹೇಳುತ್ತೇನೆ.

ಮೊದಲು ಹೆಸರಿನ ವಿಚಾರ. ಫೈರ್‌ವಾಲ್ ಎಂದರೆ ಬೆಂಕಿಯನ್ನು ತಡೆಯುವ ಗೋಡೆ. ೧೬೬೬ರ ಸೆಪ್ಟೆಂಬರ್ ೨ರಂದು ಲಂಡನ್ ನಗರದ ಒಂದು ರೊಟ್ಟಿಯಂಗಡಿಯಲ್ಲಿ ಹುಟ್ಟಿದ ಬೆಂಕಿಯು ಸುಮಾರು ೧೩,೨೦೦ ಮನೆಗಳನ್ನೂ ೮೭ ಚರ್ಚುಗಳನ್ನೂ ದಹಿಸಿತು. ಮರದ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದುದೇ ಅಷ್ಟು ಅನರ್ಥಕ್ಕೆ ಮುಖ್ಯ ಕಾರಣ. ೧೬೬೭ರ ಫೆಬ್ರವರಿಯಲ್ಲಿ ಅಲ್ಲಿನ ಪಾರ್ಲಿಮೆಂಟು ಮಾಡಿದ ಪುನರ್ನಿರ್ಮಾಣದ ಶಾಸನವು, ಮನೆ ಮನೆಯ ನಡುವಣ ಗೋಡೆಯು ಇಟ್ಟಿಗೆಯದೋ ಕಲ್ಲಿನದೋ ಆಗಿರತಕ್ಕದ್ದೆಂದು ವಿಧಿಸಿತು. ಒಂದು ಮನೆಗೆ ತಗುಲಿದ ಬೆಂಕಿ ಪಕ್ಕದ ಮನೆಗೆ ಹೋಗಬಾರದೆಂಬುದೇ ಈ ಬಗೆಯ ಗೋಡೆಯ ಉದ್ದೇಶ. ಮುಂದೆ ಮೋಟಾರು ವಾಹನಗಳಲ್ಲಿ ಎಂಜಿನ್ನನ್ನೂ ಸವಾರರನ್ನೂ ಬೇರ್ಪಡಿಸುವ ತಗಡಿಗೂ ಇದೇ ಹೆಸರು ಬಂದಿತು. ೧೯೮೦ರ ದಶಕದ ಕೊನೆಯಲ್ಲಿ ಗಣಕಜಾಲದ ಎಂಜಿನಿಯರರು ಅದನ್ನು ಎರವಲು ಪಡೆದರು.

ಈ ಎರವಲಿನಲ್ಲಿ ಒಂದು ದೋಷವಿದೆ. ಬೆಂಕಿಯ ಗೋಡೆಯಲ್ಲಿ ಕಿಂಡಿಯಿರಕೂಡದು. ಗಣಕಜಾಲದ ಫೈರ್‌ವಾಲಿನಲ್ಲಿಯಾದರೋ ಕಿಂಡಿಯೇ ಮುಖ್ಯ. ಏನನ್ನೂ ಬಿಡಬಾರದೆಂದಿದ್ದರೆ ತಂತಿಯನ್ನು ಕಿತ್ತುಹಾಕಿದರೆ ಸಾಕಾಗಿತ್ತು, ಯಂತ್ರವೇ ಬೇಡ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ನಿರ್ಣಯವೇ ಅದರ ವ್ಯಾಪಾರ. ಆದಕಾರಣ ಅದನ್ನು ಗೋಡೆಯೆನ್ನುವುದಕ್ಕಿಂತ ಊರಬಾಗಿಲಿನ ಸುಂಕದ ಕಟ್ಟೆಯೆನ್ನುವುದು ವಾಸಿ. ಈ ವ್ಯತ್ಯಾಸ ಬರಿಯ ಮಾತಿನದಲ್ಲ. ಗೋಡೆಯಿದೆಯೆಂದು ನಂಬಿದವರು ನಿಶ್ಚಿಂತರಾಗಿ ನಿದ್ರಿಸುತ್ತಾರೆ. ಕಟ್ಟೆಯಿದೆಯೆಂದು ತಿಳಿದವರು ಅಲ್ಲಿ ಕುಳಿತವನು ಯಾರು, ಅವನಿಗೆ ಕೊಟ್ಟ ಅಪ್ಪಣೆಯೇನು, ಕಟ್ಟೆಯನ್ನು ಬಳಸಿಕೊಂಡು ಹೋಗುವ ಕಾಲುದಾರಿ ಎಲ್ಲಿದೆ ಎಂದು ಕೇಳುತ್ತಾರೆ.

ಆ ಕಟ್ಟೆಗೆ ಬರುವ ಸರಕು ಎಂತಹದೆಂಬುದನ್ನು ಸ್ಥೂಲವಾಗಿಯಾದರೂ ತಿಳಿಯಬೇಕು. ಇಂಟರ್‌ನೆಟ್ಟಿನಲ್ಲಿ ಯಾವ ಪತ್ರವೂ ಚಿತ್ರವೂ ಇಡಿಯಾಗಿ ಪ್ರಯಾಣ ಮಾಡುವುದಿಲ್ಲ. ಸಾಮಾನ್ಯವಾಗಿ ೧,೫೦೦ ಬೈಟುಗಳನ್ನು ಮೀರದ ತುಣುಕುಗಳಾಗಿ ಒಡೆದು ಸಾಗುತ್ತದೆ. ಈ ತುಣುಕಿಗೆ ಪ್ಯಾಕೆಟ್ಟೆಂದು ಹೆಸರು. ಪ್ರತಿ ಪ್ಯಾಕೆಟ್ಟಿನ ಮೇಲೂ ಕಳುಹಿಸಿದ ಕಂಪ್ಯೂಟರಿನ ವಿಳಾಸವೂ ಸೇರಬೇಕಾದ ಕಂಪ್ಯೂಟರಿನ ವಿಳಾಸವೂ ಬರೆದಿರುತ್ತವೆ. ಇವಲ್ಲದೆ ಪೋರ್ಟು ಎಂಬ ಒಂದು ಸಂಖ್ಯೆಯಿರುತ್ತದೆ. ವಿಳಾಸವು ಮನೆಯನ್ನು ಸೂಚಿಸಿದರೆ ಪೋರ್ಟು ಆ ಮನೆಯ ಯಾವ ಬಾಗಿಲೆಂಬುದನ್ನು ಸೂಚಿಸುತ್ತದೆ. ೦ಯಿಂದ ೬೫,೫೩೫ರವರೆಗೆ ಈ ಸಂಖ್ಯೆಗಳುಂಟು; ಒಂದು ಸರ್ವರಿನಿಂದ ಮತ್ತೊಂದಕ್ಕೆ ಅಂಚೆ ಸಾಗುವುದು ೨೫ರಲ್ಲಿ, ಜಾಲಪುಟಗಳು ೮೦ರಲ್ಲಿ, ಗೂಢಲಿಪಿಯಲ್ಲಿ ಸಾಗುವ ಜಾಲಪುಟಗಳು ೪೪೩ರಲ್ಲಿ. ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಯಾವುದೋ ಕ್ರಮವಿಧಿಯು ಕಿವಿಗೊಟ್ಟು ಕುಳಿತಿರುವ ಪ್ರತಿ ಪೋರ್ಟೂ ತೆರೆದ ಬಾಗಿಲೇ. ಆ ಕ್ರಮವಿಧಿಯಲ್ಲಿ ಲೋಪವಿದ್ದರೆ ಆ ಬಾಗಿಲಿನಿಂದ ಅನ್ಯರು ಒಳಹೊಕ್ಕು ಯಂತ್ರವನ್ನೇ ವಶಪಡಿಸಿಕೊಳ್ಳಬಹುದು.

ಇಂಟರ್‌ನೆಟ್ಟಿನ ಆದಿಕಾಲದಲ್ಲಿ ಇಂತಹ ಕಾವಲು ಇರಲಿಲ್ಲವೆಂದೇ ಹೇಳಬೇಕು. ವಿಶ್ವವಿದ್ಯಾನಿಲಯಗಳು, ಸೈನ್ಯದ ಪ್ರಯೋಗಶಾಲೆಗಳು, ಕೆಲವು ಕಂಪನಿಗಳು ಇವಿಷ್ಟೇ ಆ ಜಾಲದಲ್ಲಿದ್ದವು. ಒಬ್ಬರನ್ನೊಬ್ಬರು ಬಲ್ಲವರ ಅಗ್ರಹಾರದಂತೆ ಬಾಗಿಲುಗಳು ತೆರೆದೇ ಇರುತ್ತಿದ್ದವು. ೧೯೮೬ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯ ಲೆಕ್ಕದಲ್ಲಿ ೭೫ ಸೆಂಟುಗಳ ವ್ಯತ್ಯಾಸ ಕಂಡು ಅದರ ಬೆನ್ನು ಹತ್ತಿದ ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟೋಲ್, ಜರ್ಮನಿಯಿಂದ ಬರುತ್ತಿದ್ದ ಒಬ್ಬ ಗೂಢಚಾರನನ್ನು ಪತ್ತೆಮಾಡಿದರು. ಅಷ್ಟಾದರೂ ಅಗ್ರಹಾರದ ವಿಶ್ವಾಸ ಪೂರ್ತಿ ಕದಡಲಿಲ್ಲ. ಅದನ್ನು ಕದಡಿದ್ದು ೧೯೮೮ರ ನವೆಂಬರ್ ೨ರ ಸಂಜೆಯ ಘಟನೆ.

ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಎಂಬಾತನು ತನ್ನಷ್ಟಕ್ಕೆ ತಾನೇ ಯಂತ್ರದಿಂದ ಯಂತ್ರಕ್ಕೆ ಹರಡುವ ಒಂದು ಕ್ರಮವಿಧಿಯನ್ನು ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಕಂಪ್ಯೂಟರಿನಿಂದ ಹೊರಬಿಟ್ಟನು. ಅಂಚೆಯ ಕ್ರಮವಿಧಿಯ ಒಂದು ಲೋಪ, ಬಳಕೆದಾರರ ವಿವರ ತಿಳಿಸುವ ಮತ್ತೊಂದು ಕ್ರಮವಿಧಿಯ ಲೋಪ, ಊಹಿಸಲು ಸುಲಭವಾದ ಗುಪ್ತಪದಗಳು, ಒಂದು ಯಂತ್ರವು ಇನ್ನೊಂದನ್ನು ಪರೀಕ್ಷಿಸದೆ ನಂಬುವ ಪದ್ಧತಿ, ಇವುಗಳನ್ನೆಲ್ಲ ಅದು ಉಪಯೋಗಿಸಿಕೊಂಡಿತು. ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ತಗುಲುತ್ತಿದ್ದುದರಿಂದ ಯಂತ್ರಗಳು ಅದರ ಭಾರಕ್ಕೇ ನಿಶ್ಚೇಷ್ಟಿತವಾದವು. ೧೯೯೦ರಲ್ಲಿ ಆತನಿಗೆ ಮೂರು ವರ್ಷಗಳ ನಡತೆಯ ನಿಗಾ, ೪೦೦ ಗಂಟೆಗಳ ಸಮಾಜಸೇವೆ ಹಾಗೂ ೧೦,೦೫೦ ಡಾಲರುಗಳ ದಂಡ ವಿಧಿಸಲಾಯಿತು. ಆತನ ತಂದೆಯು ಅಮೆರಿಕಾ ಸರ್ಕಾರದ ಗಣಕರಕ್ಷಣಾ ಕೇಂದ್ರದಲ್ಲಿಯೇ ಉನ್ನತ ವಿಜ್ಞಾನಿಯಾಗಿದ್ದರೆಂಬುದು ಇತಿಹಾಸದ ವಿನೋದಗಳಲ್ಲೊಂದು.

ಈ ಘಟನೆಯಲ್ಲಿ ೬,೦೦೦ ಕಂಪ್ಯೂಟರುಗಳು ರೋಗಗ್ರಸ್ತವಾದುವೆಂದು ಬಹುತೇಕ ಎಲ್ಲ ಗ್ರಂಥಗಳಲ್ಲಿಯೂ ಬರೆದಿದೆ. ಆಧಾರವನ್ನು ವಿಮರ್ಶಿಸುವುದು ನಮ್ಮ ಕಸುಬಾದ್ದರಿಂದ ಇದನ್ನು ಸ್ವಲ್ಪ ಹಿಡಿದು ನೋಡಬೇಕು. ಯಾರೂ ಕುಳಿತು ಎಣಿಸಿದ ಸಂಖ್ಯೆಯಲ್ಲ ಅದು. ಜಾಲದಲ್ಲಿ ಸುಮಾರು ೬೦,೦೦೦ ಯಂತ್ರಗಳಿರಬಹುದೆಂದು ಒಬ್ಬರು ಊಹಿಸಿದರು, ಅವುಗಳಲ್ಲಿ ಹತ್ತರಲ್ಲೊಂದು ಪಾಲಿಗೆ ತಗುಲಿರಬಹುದೆಂದು ಮತ್ತೆ ಊಹಿಸಿದರು, ಎರಡನ್ನೂ ಗುಣಿಸಿದರು. ಆ ಸಮಯದಲ್ಲಿ ಸ್ಥಳದಲ್ಲಿದ್ದ ಪಾಲ್ ಗ್ರಹಾಂ ಎಂಬುವರೇ ಇದನ್ನು ಬರೆದಿದ್ದಾರೆ. ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು, ಅಚ್ಚಾದದ್ದು ಪ್ರಮಾಣವಾಯಿತು. ನಮ್ಮ ಬಖೈರುಗಳಲ್ಲಿನ ಸೈನ್ಯಸಂಖ್ಯೆಗಳನ್ನು ಸಂಶಯದಿಂದ ಕಾಣುವ ನಾವು ಇದನ್ನೂ ಹಾಗೆಯೇ ಕಾಣುವುದು ನ್ಯಾಯ. ಸಂಖ್ಯೆ ಏನೇ ಇರಲಿ, ಪರಿಣಾಮವು ನಿಸ್ಸಂದೇಹವಾದದ್ದು. ಅದೇ ತಿಂಗಳಿನಲ್ಲಿ ಅಮೆರಿಕಾದ ರಕ್ಷಣಾ ಸಂಶೋಧನ ಸಂಸ್ಥೆಯು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಇಂತಹ ವಿಪತ್ತುಗಳನ್ನು ಎದುರಿಸಲು ಒಂದು ಕೇಂದ್ರವನ್ನು ತೆರೆಯಿತು. ಅಗ್ರಹಾರದವರು ಊರಿಗೆ ಬಾಗಿಲು ಹಾಕಿಸುವ ಮಾತನ್ನು ಎತ್ತಿದರು.

ಬಾಗಿಲಿನ ಮೊದಲ ರೂಪ ಬಹು ಸರಳವಾದದ್ದು. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಜೆಫ್ರಿ ಮೊಗಲ್ ೧೯೮೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಒಂದು ಸ್ಪಷ್ಟ ವಿವರಣೆ ದೊರೆಯುತ್ತದೆ. ಒಳಜಾಲವೂ ಹೊರಜಾಲವೂ ಸೇರುವ ಸಂಧಿಯಲ್ಲಿ ಒಂದು ಯಂತ್ರವನ್ನು ನಿಲ್ಲಿಸುವುದು. ಅದು ಪ್ರತಿ ಪ್ಯಾಕೆಟ್ಟಿನ ಹೊರಬರಹವನ್ನು ಓದಿ, ನಿಯಮಗಳ ಪಟ್ಟಿಯೊಡನೆ ಹೋಲಿಸಿ, ಬಿಡುವುದೋ ಬಿಸಾಡುವುದೋ ಮಾಡುವುದು. ಹೇರಿನ ಚೀಟಿಯನ್ನು ಮಾತ್ರ ನೋಡಿ ಗೋಣಿಯನ್ನು ಬಿಚ್ಚದ ಸುಂಕದವನ ಕೆಲಸ ಇದು.

ಪಟ್ಟಿಯ ಸ್ವರೂಪವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹೊರಗಿನಿಂದ ಯಾರೇ ಆಗಲಿ ನಮ್ಮ ಅಂಚೆಯ ಸರ್ವರಿನ ೨೫ನೆಯ ಪೋರ್ಟಿಗೆ ಬರಬಹುದು ಎಂಬುದು ಮೊದಲನೆಯ ನಿಯಮ. ನಮ್ಮ ಜಾಲಪುಟಗಳಿರುವ ಸರ್ವರಿನ ೪೪೩ನೆಯ ಪೋರ್ಟಿಗೆ ಬರಬಹುದು ಎಂಬುದು ಎರಡನೆಯದು. ಉಳಿದುದೆಲ್ಲ ನಿಷಿದ್ಧ ಎಂಬುದು ಕೊನೆಯದು. ಯಂತ್ರವು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ, ಮೊದಲು ಹೊಂದಿದ ನಿಯಮವನ್ನೇ ಅನುಸರಿಸಿ ನಿಲ್ಲುವುದು ಸಾಮಾನ್ಯ ಪದ್ಧತಿ. ಆದಕಾರಣ ನಿಯಮಗಳಷ್ಟೇ ಅವುಗಳ ಕ್ರಮವೂ ಮುಖ್ಯ. ಯಾರೋ ಪ್ರಾಧ್ಯಾಪಕರ ಒತ್ತಾಯಕ್ಕೆ ಮಣಿದು ಆಡಳಿತಗಾರನು ಎಲ್ಲಕ್ಕಿಂತ ಮೇಲೆ ಒಂದು ಉದಾರವಾದ ಅನುಮತಿಯನ್ನು ಬರೆದನೆಂದರೆ, ಕೆಳಗಿನ ನಿಷೇಧಗಳು ಕಾಗದದ ಮೇಲೆ ಉಳಿದರೂ ಯಂತ್ರವು ಅವುಗಳನ್ನು ತಲಪುವುದೇ ಇಲ್ಲ. ಕೊನೆಯ ನಿಯಮವಂತೂ ಇಡೀ ವ್ಯವಸ್ಥೆಯ ಶೀಲವನ್ನು ನಿರ್ಣಯಿಸುತ್ತದೆ. ಹೆಸರಿಸಿದ್ದನ್ನು ಬಿಟ್ಟು ಉಳಿದುದನ್ನೆಲ್ಲ ತಡೆ ಎನ್ನುವುದು ಒಂದು ನೀತಿ. ಹೆಸರಿಸಿದ್ದನ್ನು ತಡೆದು ಉಳಿದುದನ್ನೆಲ್ಲ ಬಿಡು ಎನ್ನುವುದು ಇನ್ನೊಂದು. ಎರಡನೆಯದರಲ್ಲಿ, ಬರಲಿರುವ ಕಳ್ಳರನ್ನೆಲ್ಲ ಮುಂಚಿತವಾಗಿಯೇ ಬಲ್ಲೆವೆಂಬ ಅಹಂಕಾರವಿದೆ.

ಚೀಟಿ ಓದುವ ಕಾವಲಿಗೆ ಒಂದು ತೊಡಕಿತ್ತು. ಒಳಗಿನವರು ಹೊರಗೆ ಪ್ರಶ್ನೆ ಕೇಳಿದರೆ ಉತ್ತರವು ಹೊರಗಿನಿಂದ ಬರಬೇಕಷ್ಟೆ. ಬರುತ್ತಿರುವುದು ಉತ್ತರವೋ, ಉತ್ತರದ ವೇಷದಲ್ಲಿರುವ ಅನ್ಯವೋ ಎಂದು ಒಂದು ಪ್ಯಾಕೆಟ್ಟಿನ ಬರಹದಿಂದ ಮಾತ್ರ ನಿಶ್ಚಯಿಸುವುದು ಕಷ್ಟ. ಇದಕ್ಕೆ ಪರಿಹಾರವೆಂದರೆ ನೆನಪು. ಹೊರಗೆ ಹೋದವರನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರಿಗಾಗಿ ಮರಳಿ ಬಂದುದನ್ನು ಮಾತ್ರ ಒಳಗೆ ಬಿಡುವುದು. ಇಸ್ರೇಲಿನ ಚೆಕ್‌ಪಾಯಿಂಟ್ ಕಂಪನಿಯು ೧೯೯೪ರಲ್ಲಿ ಮಾರಾಟಕ್ಕೆ ತಂದ ಫೈರ್‌ವಾಲ್ ಈ ಪದ್ಧತಿಯನ್ನು ಪ್ರಚಾರಕ್ಕೆ ತಂದಿತು. ಇಂದು ಮನೆಯ ವೈ-ಫೈ ಪೆಟ್ಟಿಗೆಯಲ್ಲಿಯೂ ಇಂತಹ ಪುಸ್ತಕವೊಂದು ಇದ್ದೇ ಇರುತ್ತದೆ.

ಇನ್ನು ಪ್ರಾಕ್ಸಿಯ ವಿಚಾರ. ಇಂಗ್ಲಿಷಿನ ಈ ಶಬ್ದ 'ಪ್ರಾಕ್ಯುರಸಿ' ಎಂಬುದರ ಸಂಕ್ಷೇಪ. ಮತ್ತೊಬ್ಬರ ಪರವಾಗಿ ವ್ಯವಹರಿಸುವ ಅಧಿಕಾರ ಎಂದು ಅರ್ಥ. ನಮ್ಮ ಹಳೆಯ ಕಾಗದಪತ್ರಗಳಲ್ಲಿ ವಕೀಲ ಎಂಬ ಶಬ್ದವು ಈ ಅರ್ಥದಲ್ಲಿಯೇ ಬರುತ್ತದೆ. ೧೭೯೨ರಲ್ಲಿ ಟಿಪ್ಪುಸುಲ್ತಾನನು ಕಾರ್ನ್‌ವಾಲಿಸನ ಶಿಬಿರಕ್ಕೆ ತಾನೇ ಹೋಗಲಿಲ್ಲ. ಅವನ ವಕೀಲರು ಹೋಗಿ ಸಂಧಿಯ ಮಾತನಾಡಿದರು. ಪ್ರಾಕ್ಸಿ ಸರ್ವರು ಮಾಡುವುದೂ ಅದನ್ನೇ. ಸುಂಕದ ಕಟ್ಟೆಯವನು ಪ್ರಯಾಣಿಕನನ್ನು ಪರೀಕ್ಷಿಸಿ ಹೊರಗೆ ಬಿಡುತ್ತಾನೆ. ಪ್ರಾಕ್ಸಿಯು ಪ್ರಯಾಣಿಕನನ್ನು ಹೊರಗೆ ಬಿಡುವುದೇ ಇಲ್ಲ. ಅವನ ಕೋರಿಕೆಯನ್ನು ಕೇಳಿ, ಅದು ಯುಕ್ತವೆನಿಸಿದರೆ ತಾನೇ ಹೊರಗೆ ಹೋಗಿ ತಂದು, ಪರೀಕ್ಷಿಸಿ ಕೊಡುತ್ತದೆ. ಒಳಗಿನವನೊಡನೆ ಒಂದು ಸಂಪರ್ಕ, ಹೊರಗಿನವನೊಡನೆ ಪ್ರತ್ಯೇಕವಾದ ಇನ್ನೊಂದು ಸಂಪರ್ಕ. ಎರಡೂ ನೇರವಾಗಿ ಕೂಡುವುದಿಲ್ಲ. ಹೊರಗಿನ ಸರ್ವರಿಗೆ ಕಾಣುವುದು ಪ್ರಾಕ್ಸಿಯ ವಿಳಾಸವೊಂದೇ.

ಈ ಪದ್ಧತಿಯ ಬೀಜವು ಎ.ಟಿ. ಅಂಡ್ ಟಿ. ಕಂಪನಿಯ ಬೆಲ್ ಪ್ರಯೋಗಶಾಲೆಯ ವಿಲಿಯಂ ಚೆಸ್ವಿಕ್ ೧೯೯೦ರಲ್ಲಿ ವರ್ಣಿಸಿದ ದ್ವಾರದಲ್ಲಿದೆ. ಹೊರಗಿನ ಜಾಲಕ್ಕೆ ಒಂದು ಯಂತ್ರ, ಒಳಗಿನ ಜಾಲಕ್ಕೆ ಒಂದು ಯಂತ್ರ. ಹೊರಗಿನದು ಶತ್ರುವಶವಾದರೂ ಒಳಗಿನದು ಅದನ್ನು ನಂಬಬಾರದೆಂಬ ಏರ್ಪಾಡು. ತಮ್ಮ ಜಾಲವನ್ನು ಅವರೇ, ಹೊರಗೆ ಗರಿಗರಿಯಾದ ಸಿಪ್ಪೆಯೂ ಒಳಗೆ ಮೆತ್ತನೆಯ ತಿರುಳೂ ಇರುವ ತಿಂಡಿಗೆ ಹೋಲಿಸಿಕೊಂಡರು. ಸಿಪ್ಪೆ ಎಷ್ಟು ಗಟ್ಟಿಯಾದರೂ ಒಳಗಿರುವುದು ಮೆತ್ತಗೇ ಎಂಬ ಅಳುಕು ಆ ಹೋಲಿಕೆಯಲ್ಲಿದೆ. ಮುಂದಿನ ಮೂವತ್ತು ವರ್ಷಗಳ ಅನುಭವ ಆ ಅಳುಕನ್ನು ಸಮರ್ಥಿಸಿತು. ೧೯೯೧ರಲ್ಲಿ ಡಿಜಿಟಲ್ ಕಂಪನಿಯು ಇಂತಹ ದ್ವಾರವನ್ನು ಸರಕಾಗಿ ಮಾರತೊಡಗಿತು. ೧೯೯೨ರಲ್ಲಿ ಡೇವಿಡ್ ಕೊಬ್ಲಾಸ್ ಮತ್ತು ಮಿಶೆಲ್ ಕೊಬ್ಲಾಸ್ ಎಂಬುವರು ಸಾಕ್ಸ್ ಎಂಬ ಸರ್ವಸಾಮಾನ್ಯ ಮಧ್ಯಸ್ಥ ಪದ್ಧತಿಯನ್ನು ಪ್ರಕಟಿಸಿದರು.

ಜಾಲಪುಟಗಳ ಪ್ರಾಕ್ಸಿಯಾದರೋ ಕಾವಲಿಗಿಂತ ಹೆಚ್ಚಾಗಿ ಮಿತವ್ಯಯದಿಂದ ಜನಪ್ರಿಯವಾಯಿತು. ೧೯೯೪ರಲ್ಲಿ ಜಿನೀವಾದ ಸಮ್ಮೇಳನದಲ್ಲಿ ಕೆವಿನ್ ಆಲ್ಟಿಸ್ ಮತ್ತು ಸರ್ನ್ ಸಂಸ್ಥೆಯ ಆರಿ ಲುವೊಟೊನೆನ್ ಮಂಡಿಸಿದ ಪ್ರಬಂಧದಲ್ಲಿ, ಒಮ್ಮೆ ತಂದ ಪುಟವನ್ನು ಪ್ರಾಕ್ಸಿಯು ತನ್ನಲ್ಲಿಯೇ ಇಟ್ಟುಕೊಂಡು ಮುಂದೆ ಕೇಳಿದವರಿಗೆ ಅದನ್ನೇ ಕೊಡುವ ಉಪಾಯವನ್ನು ವಿವರಿಸಿದೆ. ೧೯೯೬ರಲ್ಲಿ ಡ್ವೇನ್ ವೆಸಲ್ಸ್ ಅವರು ಆರಂಭಿಸಿದ ಸ್ಕ್ವಿಡ್ ಎಂಬ ಕ್ರಮವಿಧಿಯು ಉಚಿತವಾಗಿ ದೊರೆಯುತ್ತಿದ್ದುದರಿಂದ ಲೋಕದ ಅನೇಕ ವಿದ್ಯಾಸಂಸ್ಥೆಗಳಲ್ಲಿ ನೆಲೆಸಿತು.

ಭಾರತದಲ್ಲಿ ಇದರ ಉಪಯೋಗವನ್ನು ಹೇಳಬೇಕಾದದ್ದಿಲ್ಲ. ನಮ್ಮ ವಿದ್ಯಾಸಂಸ್ಥೆಗಳ ಎರ್ನೆಟ್ ಯೋಜನೆ ೧೯೮೬ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಮೊದಲ ಅಂಗಗಳಲ್ಲೊಂದು. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಆ ದಿನಗಳ ಮಾರ್ಗಗಳು ಬಹು ಕೃಶವಾದವು. ಸೆಕೆಂಡಿಗೆ ೬೪,೦೦೦ ಬಿಟ್ಟುಗಳನ್ನು ಸಾಗಿಸುವ ಮಾರ್ಗದಲ್ಲಿ ಹತ್ತು ಲಕ್ಷ ಬೈಟುಗಳ ಒಂದು ಚಿತ್ರ ಬರಲು ಎರಡು ನಿಮಿಷಕ್ಕೂ ಮೇಲೆ ಬೇಕು. ತರಗತಿಯ ೪೦ ವಿದ್ಯಾರ್ಥಿಗಳು ಅದನ್ನೇ ಬೇರೆ ಬೇರೆಯಾಗಿ ಕೇಳಿದರೆ ಮಾರ್ಗವು ಎಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ತುಂಬಿಹೋಗುತ್ತದೆ. ಪ್ರಾಕ್ಸಿಯಿದ್ದರೆ ಒಂದು ಸಲದ ಎರಡು ನಿಮಿಷದಲ್ಲಿ ಕೆಲಸ ತೀರಿತು. ಈಗ ಮಾರ್ಗಗಳು ವಿಶಾಲವಾಗಿವೆ, ಪುಟಗಳೆಲ್ಲ ಗೂಢಲಿಪಿಯಲ್ಲಿ ಬರುತ್ತವೆ. ಈ ದಾಸ್ತಾನಿನ ಉಪಯೋಗ ಬಹುಮಟ್ಟಿಗೆ ಕಳೆದಿದೆ.

ವಿಳಾಸಗಳ ಅಭಾವವೂ ಮಧ್ಯಸ್ಥನನ್ನು ಅನಿವಾರ್ಯಗೊಳಿಸಿತು. ಹಳೆಯ ಪದ್ಧತಿಯಲ್ಲಿ ಒಟ್ಟು ಸುಮಾರು ೪೨೯ ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಇಡೀ ಸಂಸ್ಥೆಗೆ ಒಂದೇ ಹೊರವಿಳಾಸವಿಟ್ಟು ಒಳಗೆ ಖಾಸಗಿ ವಿಳಾಸಗಳನ್ನು ಹಂಚುವ ಉಪಾಯ ೧೯೯೪ರಲ್ಲಿ ಪ್ರಕಟವಾಯಿತು. ಒಳಗಿನ ಯಂತ್ರಗಳು ಹೊರಗಿನವರಿಗೆ ಅಗೋಚರವಾಗುವುದು ಅದರ ಆನುಷಂಗಿಕ ಫಲ. ಅದನ್ನೇ ಪೂರ್ಣ ರಕ್ಷಣೆಯೆಂದು ಭ್ರಮಿಸುವವರೂ ಉಂಟು. ವಿಳಾಸದ ಈ ಮಹಿಮೆಯನ್ನು ನಮ್ಮ ಗ್ರಂಥಾಲಯಗಳು ಇನ್ನೊಂದು ಬಗೆಯಲ್ಲಿ ಉಪಯೋಗಿಸುತ್ತವೆ. ವಿದ್ವತ್‌ಪತ್ರಿಕೆಗಳ ಪ್ರಕಾಶಕರು ಚಂದಾ ಕೊಟ್ಟ ವಿಶ್ವವಿದ್ಯಾನಿಲಯವನ್ನು ಗುರುತಿಸುವುದು ಸಾಮಾನ್ಯವಾಗಿ ಅದರ ವಿಳಾಸದಿಂದ. ಅಧ್ಯಾಪಕರು ಮನೆಯಲ್ಲಿ ಕುಳಿತು ಓದಬೇಕಾದರೆ, ತಮ್ಮ ಗುಪ್ತಪದವನ್ನು ಗ್ರಂಥಾಲಯದ ಪ್ರಾಕ್ಸಿಗೆ ಒಪ್ಪಿಸಿ ಅದರ ಮುಖಾಂತರ ಹೋಗುತ್ತಾರೆ. ಇದಕ್ಕಾಗಿ ೧೯೯೯ರಲ್ಲಿ ರಚಿತವಾದ ಈಝೀಪ್ರಾಕ್ಸಿ ಎಂಬುದು ಪ್ರಸಿದ್ಧವಾದದ್ದು. ಕಾವಲಿಗೆ ಹುಟ್ಟಿದ ಯಂತ್ರ ಇಲ್ಲಿ ಪ್ರವೇಶಪತ್ರವಾಗಿದೆ.

ಇಷ್ಟೆಲ್ಲ ಏರ್ಪಾಡು ಸೋಲುವುದು ಎಲ್ಲಿ? ಕಾವಲು ಸೋತ ಪ್ರಸಂಗಗಳನ್ನು ಓದಿದಂತೆ, ಕಾವಲುಗಾರನನ್ನು ಕೆಡವಿ ಒಳನುಗ್ಗಿದ್ದಕ್ಕಿಂತ ಅವನಿಲ್ಲದ ದಾರಿಯಿಂದ ಬಂದದ್ದೇ ಹೆಚ್ಚು ಬೋಧಪ್ರದವೆಂದು ನನಗೆ ತೋರಿತು. ೨೦೦೩ರ ಜನವರಿ ೨೫ರಂದು ಸ್ಲ್ಯಾಮರ್ ಎಂಬ ಪಿಡುಗು ಹಬ್ಬಿತು. ಅದರ ಇಡೀ ದೇಹ ೩೭೬ ಬೈಟುಗಳು, ಒಂದೇ ಪ್ಯಾಕೆಟ್ಟು; ಅದು ಬಡಿಯುತ್ತಿದ್ದುದು ೧೪೩೪ ಎಂಬ ಒಂದೇ ಬಾಗಿಲನ್ನು. ಆರಂಭದಲ್ಲಿ ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಸುತ್ತ, ಹತ್ತು ನಿಮಿಷಗಳೊಳಗೆ ತನಗೆ ಎಟುಕಬಹುದಾದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತನ್ನು ಹಿಡಿಯಿತೆಂದು ಅದನ್ನು ಅಭ್ಯಾಸ ಮಾಡಿದವರು ನಿರ್ಣಯಿಸಿದ್ದಾರೆ. ಅಮೆರಿಕಾದ ಒಹಾಯೊ ಪ್ರಾಂತದ ಡೇವಿಸ್-ಬೆಸ್ಸೆ ಪರಮಾಣು ವಿದ್ಯುದಾಗಾರದ ಫೈರ್‌ವಾಲ್ ಆ ಬಾಗಿಲನ್ನು ಮುಚ್ಚಿಯೇ ಇಟ್ಟಿತ್ತು. ಆದರೆ ಗುತ್ತಿಗೆದಾರರೊಬ್ಬರ ಜಾಲದಿಂದ ಆಗಾರದ ಕಚೇರಿಯ ಜಾಲಕ್ಕೆ, ಫೈರ್‌ವಾಲನ್ನು ಮುಟ್ಟದ ಬೇರೊಂದು ತಂತಿಯಿತ್ತು. ಪಿಡುಗು ಆ ತಂತಿಯಲ್ಲಿ ಬಂದು, ಸುರಕ್ಷತೆಯ ಅಂಕಿಗಳನ್ನು ತೋರಿಸುವ ವ್ಯವಸ್ಥೆಯನ್ನು ಐದು ಗಂಟೆಗಳಿಗೆ ಸ್ವಲ್ಪ ಕಡಿಮೆ ಕಾಲ ಸ್ತಬ್ಧಗೊಳಿಸಿತು. ದೈವವಶಾತ್ ಸ್ಥಾವರವು ಬೇರೆ ಕಾರಣದಿಂದ ಮೊದಲೇ ನಿಂತಿತ್ತು. ಲೋಪದ ದುರಸ್ತಿಯನ್ನು ತಯಾರಕರು ಆರು ತಿಂಗಳ ಹಿಂದೆಯೇ ಪ್ರಕಟಿಸಿದ್ದರೆಂಬುದನ್ನೂ ಇಲ್ಲಿ ಹೇಳಬೇಕು.

ಇದನ್ನು ಓದಿದಾಗ ನನಗೆ ನನ್ನ ಕಥೆಯೇ ದೊಡ್ಡದಾಗಿ ಬರೆದಂತೆ ಕಂಡಿತು. ಎಂ.ಎ. ಮುಗಿಸಿದ ಹೊಸದರಲ್ಲಿ ಒಂದು ಸಂಸ್ಥೆಯ ಯೋಜನೆಯಲ್ಲಿ ಸಹಾಯಕ ಹುದ್ದೆಯಲ್ಲಿದ್ದೆ. ಒಂದು ಹಳ್ಳಿಯ ಶಾನುಭೋಗರ ಮನೆತನದಿಂದ ಎರವಲು ತಂದ ಹನ್ನೊಂದು ಕಡತಗಳ ಛಾಯಾಚಿತ್ರ ತೆಗೆದು, ಮೂಲಗಳನ್ನು ಹಿಂದಿರುಗಿಸಿದ್ದೆವು. ಚಿತ್ರಗಳ ಅಳತೆಯನ್ನು ಬದಲಿಸುವ ಒಂದು ಉಚಿತ ಕ್ರಮವಿಧಿ ನನಗೆ ಬೇಕಾಗಿತ್ತು. ಅದಿದ್ದ ತಾಣವನ್ನು ಪ್ರಾಕ್ಸಿಯು ಬಿಡಲಿಲ್ಲ. ವಿದೇಶದ ಪತ್ರಾಗಾರಗಳ ತಾಣಗಳನ್ನೂ ಅದು ಆಗಾಗ ತಡೆಯುತ್ತಿದ್ದುದರಿಂದ ನನಗೆ ಅದರ ಮೇಲೆ ಮೊದಲೇ ಅಸಮಾಧಾನವಿತ್ತು. ನಾನು ನನ್ನ ಮೊಬೈಲನ್ನು ಕಚೇರಿಯ ಕಂಪ್ಯೂಟರಿಗೆ ಸೇರಿಸಿ, ಅದರ ಮೂಲಕ ಆ ಕ್ರಮವಿಧಿಯನ್ನು ಇಳಿಸಿಕೊಂಡೆ. ಅದರ ಹೊಟ್ಟೆಯಲ್ಲಿ, ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ದುಷ್ಟ ಕ್ರಮವಿಧಿಯಿತ್ತು. ಒಳಗಿನ ಯಂತ್ರಗಳ ನಡುವೆ ಯಾವ ಕಟ್ಟೆಯೂ ಇರಲಿಲ್ಲ. ಎಲ್ಲರಿಗೂ ತೆರೆದಿದ್ದ ಸಾಮಾನ್ಯ ಸಂಪುಟವನ್ನು ಅದು ಮಧ್ಯಾಹ್ನದೊಳಗೆ ಪೂರೈಸಿತು. ಬೇರೆ ತಟ್ಟೆಯಲ್ಲಿ ತೆಗೆದಿಟ್ಟಿದ್ದ ಪ್ರತಿಯಲ್ಲಿ ಏಳು ಕಡತಗಳು ಉಳಿದಿದ್ದವು. ಮತ್ತೆ ಆ ಹಳ್ಳಿಗೆ ಹೋಗಿ ಮೂರನ್ನು ಪುನಃ ಚಿತ್ರಿಸಿದೆವು. ಅಷ್ಟರಲ್ಲಿ ಮನೆತನದಲ್ಲಿ ಪಾಲಾಗಿತ್ತು. ಹನ್ನೊಂದನೆಯ ಕಡತ ಯಾರ ಪಾಲಿಗೆ ಹೋಯಿತೆಂದು ಇಂದಿಗೂ ತಿಳಿದಿಲ್ಲ. ಊರ ಕೆರೆಯ ನೀರಿನ ಹಂಚಿಕೆಯ ಲೆಕ್ಕ ಅದರಲ್ಲಿತ್ತು.

ಸಂಸ್ಥೆಯ ಜಾಲವನ್ನು ನೋಡಿಕೊಳ್ಳುತ್ತಿದ್ದವರು ನನ್ನನ್ನು ಗದರಿಸಲಿಲ್ಲ. ಪ್ರಾಕ್ಸಿಯ ದಿನಚರಿಯ ಒಂದು ಹಾಳೆಯನ್ನು ಅಚ್ಚು ಹಾಕಿ ಮುಂದಿಟ್ಟರು. ಪ್ರತಿ ಪಂಕ್ತಿಯಲ್ಲಿ ವೇಳೆ, ಕೇಳಿದ ಯಂತ್ರದ ವಿಳಾಸ, ಬೇಡಿದ ತಾಣ, ಫಲಿತಾಂಶದ ಸಂಖ್ಯೆ. ನನ್ನ ಯಂತ್ರದ ಹೆಸರಿನಲ್ಲಿ ಮೂರು ಪಂಕ್ತಿಗಳ ತುದಿಗೆ ೪೦೩ ಎಂದಿತ್ತು. ನಿರಾಕರಿಸಿದೆ ಎಂದು ಅರ್ಥ. ಆಮೇಲೆ ಇಪ್ಪತ್ತು ನಿಮಿಷ ನನ್ನ ಯಂತ್ರದಿಂದ ಏನೂ ಇರಲಿಲ್ಲ. ಆ ಖಾಲಿ ಜಾಗವೇ ನಾನು ಬೇರೆ ದಾರಿ ಹಿಡಿದದ್ದಕ್ಕೆ ಸಾಕ್ಷಿಯಾಯಿತು. ದಾಖಲೆಯ ಮೌನವನ್ನು ಓದುವುದನ್ನು ನನಗೆ ಗುರುಗಳು ತರಗತಿಯಲ್ಲಿ ಕಲಿಸಿದ್ದರು. ಅದರ ಮೊದಲ ಪ್ರಯೋಗ ನನ್ನ ಮೇಲೆಯೇ ಆಯಿತು.

ಪ್ರಾಕ್ಸಿಯು ಅಂದು ತಡೆದದ್ದು ಸರಿಯಾಗಿತ್ತು. ಆದರೆ ಅದೇ ಪ್ರಾಕ್ಸಿ ಪತ್ರಾಗಾರಗಳನ್ನೂ ತಡೆದದ್ದು ತಪ್ಪಾಗಿತ್ತು. ಮತ್ತು ಈ ಎರಡನೆಯ ತಪ್ಪು ಮೊದಲನೆಯ ಸರಿಯನ್ನು ಕೆಡಿಸಿತೆಂಬುದು ನನ್ನ ಅಭಿಪ್ರಾಯ. ಅಕಾರಣವಾಗಿ ಮುಚ್ಚಿದ ಬಾಗಿಲು ಕಾಲುದಾರಿಯನ್ನು ಹುಟ್ಟಿಸುತ್ತದೆ. ನಿಯಮಗಳನ್ನು ಬರೆಯುವವರು ಯಾರು, ಅವನ್ನು ತಿದ್ದಿಸಬೇಕಾದರೆ ಯಾರನ್ನು ಕೇಳಬೇಕು ಎಂಬುದು ಬಳಕೆದಾರರಿಗೆ ಗೊತ್ತಿರದ ಜಾಲದಲ್ಲಿ ಎಷ್ಟು ಬೆಲೆಯ ಯ��ತ್ರವನ್ನು ತಂದಿಟ್ಟರೂ ಪ್ರಯೋಜನ ಅಲ್ಪ. ಇದು ತಂತ್ರದ ಮಾತಲ್ಲ, ಆಡಳಿತದ ಮಾತು. ದೇಶಗಳೇ ತಮ್ಮ ಗಡಿಯಲ್ಲಿ ಇಂತಹ ಶೋಧಕಗಳನ್ನು ನಿಲ್ಲಿಸಿ ಪ್ರಜೆಗಳು ಓದುವುದನ್ನು ನಿಯಂತ್ರಿಸಿರುವುದೂ ಉಂಟು. ಚೀನಾದೇಶದ್ದು ಎಲ್ಲರಿಗೂ ತಿಳಿದ ನಿದರ್ಶನ.

ಗೂಢಲಿಪಿಯು ಈ ಪ್ರಶ್ನೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದೆ. ಈಗ ಪ್ರಾಕ್ಸಿಗೆ ಸಾಮಾನ್ಯವಾಗಿ ತಾಣದ ಹೆಸರು ಮಾತ್ರ ಕಾಣುತ್ತದೆ, ಒಳಗಿನ ಮಾತು ಕಾಣದು. ದುಷ್ಟ ಕ್ರಮವಿಧಿಯೂ ಅದೇ ಮುಸುಕಿನಲ್ಲಿ ಬರಬಹುದು. ಅದನ್ನು ಹಿಡಿಯಬೇಕಾದರೆ ಪ್ರಾಕ್ಸಿಯು ಲಕೋಟೆಯನ್ನು ಒಡೆದು, ಓದಿ, ತನ್ನದೇ ಮುದ್ರೆ ಒತ್ತಿ ಮತ್ತೆ ಅಂಟಿಸಬೇಕು. ಆ ಮುದ್ರೆಯನ್ನು ನಂಬುವಂತೆ ಸಂಸ್ಥೆಯ ಕಂಪ್ಯೂಟರುಗಳಿಗೆ ಮೊದಲೇ ಹೇಳಿಟ್ಟಿರಬೇಕು. ಹಾಗೆ ಮಾಡಿದಲ್ಲಿ ಅಧ್ಯಾಪಕರ ಬ್ಯಾಂಕಿನ ವ್ಯವಹಾರವೂ ಖಾಸಗಿ ಪತ್ರವೂ ಆ ಯಂತ್ರದಲ್ಲಿ ಒಂದು ಕ್ಷಣ ಬಿಚ್ಚಿಕೊಳ್ಳುತ್ತವೆ. ಅವಶ್ಯವಿದ್ದರೆ ಮಾಡಲಿ, ಆದರೆ ಮಾಡುತ್ತಿರುವುದನ್ನು ಬಳಕೆದಾರರಿಗೆ ಲಿಖಿತವಾಗಿ ತಿಳಿಸದೆ ಮಾಡುವುದನ್ನು ನಾನು ಒಪ್ಪಲಾರೆ.

ಮೆತ್ತನೆಯ ತಿರುಳನ್ನು ಕುರಿತ ಚೆಸ್ವಿಕರ ಅಳುಕಿಗೆ ಉತ್ತರವನ್ನು ಈಚೆಗೆ ಹುಡುಕಿದ್ದಾರೆ. ೨೦೦೯ರಲ್ಲಿ ಗೂಗಲ್ ಮುಂತಾದ ಕಂಪನಿಗಳ ಒಳಜಾಲಗಳಿಗೆ ಪರರು ಹೊಕ್ಕ ತರುವಾಯ, ಗೂಗಲ್ ಸಂಸ್ಥೆಯು ಒಳಗಿದ್ದಾರೆಂಬ ಮಾತ್ರಕ್ಕೆ ಯಾರನ್ನೂ ನಂಬದೆ ಪ್ರತಿ ಕೋರಿಕೆಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ಪದ್ಧತಿಗೆ ತಿರುಗಿ, ೨೦೧೪ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿತು. ಊರಬಾಗಿಲಿನ ಜೊತೆಗೆ ಮನೆ ಮನೆಗೂ, ಕೋಣೆ ಕೋಣೆಗೂ ಬೀಗವೆಂದು ತಿಳಿಯಬಹುದು. ಇದರಲ್ಲಿ ಪ್ರಾಕ್ಸಿಯ ಕೆಲಸ ಕಡಿಮೆಯಾಗಿಲ್ಲ. ಆ ಪರೀಕ್ಷೆಯನ್ನು ನಡೆಸುವುದು ಸರ್ವರುಗಳ ಮುಂದೆ ನಿಂತ ಪ್ರಾಕ್ಸಿಯೇ.

ದಿನಚರಿಗಳ ವಿಚಾರವಾಗಿ ನಮ್ಮ ವಿಭಾಗದವರು ಗಮನಿಸಬೇಕಾದ ಅಂಶವೊಂದಿದೆ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ನಿರ್ದೇಶನದಂತೆ ಇಂತಹ ದಿನಚರಿಗಳನ್ನು ೧೮೦ ದಿನಗಳ ಕಾಲ ದೇಶದಲ್ಲಿಯೇ ಕಾಪಾಡಬೇಕು. ಆ ಬಳಿಕ ಅವು ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ವ್ಯಕ್ತಿಗಳ ಗೋಪ್ಯದ ದೃಷ್ಟಿಯಿಂದ ಹಾಗಾಗುವುದೇ ಮೇಲು. ಒಂದು ವಿಶ್ವವಿದ್ಯಾನಿಲಯವು ಏನನ್ನು ಓದಿತು, ಏನನ್ನು ಓದದಂತೆ ತಡೆಯಲ್ಪಟ್ಟಿತು ಎಂಬುದನ್ನು ಬರೆಯಹೊರಡುವ ಮುಂದಿನ ಇತಿಹಾಸಕಾರನಿಗೆ ಅದು ನಷ್ಟ. ನಿಯಮಗಳ ಪಟ್ಟಿಯಲ್ಲಾದರೋ ವ್ಯಕ್ತಿಗಳ ಹೆಸರಿರುವುದು ವಿರಳ. ಅವುಗಳ ಒಂದೊಂದು ಪ್ರತಿಯನ್ನು, ಬದಲಾವಣೆಯ ದಿನಾಂಕ ಮತ್ತು ಕಾರಣದೊಡನೆ, ಹಳತಾದ ಮೇಲೆ ಪತ್ರಾಗಾರಕ್ಕೆ ಒಪ್ಪಿಸಬಹುದೆಂದು ನಾನು ಜಾಲದ ಕಚೇರಿಗೆ ಬರೆದಿದ್ದೇನೆ. ನಮ್ಮ ಸಂಶೋಧಕರಿಗೆ ಅಗತ್ಯವಾದ ಪತ್ರಾಗಾರಗಳ ತಾಣಗಳ ಪಟ್ಟಿಯನ್ನೂ ಆ ಪತ್ರದೊಡನೆ ಲಗತ್ತಿಸಿದೆ. ಅವುಗಳಲ್ಲಿ ಬಹುಪಾಲು ತೆರೆದಿವೆ. ಎರಡು ತಾಣಗಳ ವಿಚಾರ ಇನ್ನೂ ಪರಿಶೀಲನೆಯಲ್ಲಿದೆ.